ದೂರದಲ್ಲಿ ಕೂತು ಮೈಸೂರಿನಲ್ಲಿ ಬಾಡಿಗೆ ಮನೆ: ಲೆಕ್ಕ, ಕಾಗದ, ಪಾಲುದಾರರು

ಮೈಸೂರಿನಲ್ಲಿ ಬಾಡಿಗೆ ದುಡ್ಡಿನಿಂದ ಬ್ಯಾಂಕಿನ ಕಂತು ತೀರುವುದಿಲ್ಲ. ಪುಣೆಯಿಂದಲೇ ಅಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡುವ ನಾನು, ಪಾಲಿಗೆ ಬರುವವರ ಮುಂದೆ ಮೊದಲು ಇಡುವುದು ಈ ಮಾತನ್ನೇ. ಕೇಳಿ ಎದ್ದು ಹೋಗುವವರು ಆಗಲೇ ಹೋದರೆ ಇಬ್ಬರಿಗೂ ಕ್ಷೇಮ.

ಲೆಕ್ಕ ಹಾಕುವುದು ಹೀಗೆ. 30×40 ಸೈಟಿನಲ್ಲಿ ಕೆಳಗೊಂದು ಮೇಲೊಂದು ಎರಡು ಬೆಡ್‌ರೂಮಿನ ಮನೆ, ತಾರಸಿಯಲ್ಲಿ ಒಂಟಿ ರೂಮು ಇರುವ ಹಳೇ ಕಟ್ಟಡ 90 ಲಕ್ಷಕ್ಕೆ ಕುದುರಿತು ಅನ್ನಿ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 6.84 ಲಕ್ಷ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಮಾತಿನ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಬ್ರೋಕರ್‌ಗೆ 1%, ವಕೀಲರ ಫೀಸು, ಪೇಂಟು, ಬಾತ್‌ರೂಮಿನ ರಿಪೇರಿ ಎಲ್ಲ ಸೇರಿದರೆ ಒಂದು ಕೋಟಿ ಮುಟ್ಟುತ್ತದೆ. ಕೆಳಗಿನ ಮನೆಗೆ 16,000, ಮೇಲಿನದಕ್ಕೆ 14,000, ರೂಮಿಗೆ 6,000 ಎಂದು ಹಿಡಿದರೆ ತಿಂಗಳಿಗೆ 36,000, ವರ್ಷಕ್ಕೆ 4.32 ಲಕ್ಷ. ಒಂದು ತಿಂಗಳ ಬಾಡಿಗೆ ಖಾಲಿ ಬಿದ್ದದ್ದಕ್ಕೆ ಕಳೆಯಿರಿ. ಕಂದಾಯಕ್ಕೆ 12,000, ರಿಪೇರಿಗೆ 30,000, ನೋಡಿಕೊಳ್ಳುವವರಿಗೆ 24,000 ಕಳೆಯಿರಿ. ಉಳಿಯುವುದು 3.30 ಲಕ್ಷ, ಹಾಕಿದ ದುಡ್ಡಿಗೆ 3.3%. ಇದೇ ಮನೆಗೆ 60 ಲಕ್ಷ ಸಾಲವನ್ನು 8.5% ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು ಸುಮಾರು 52,000. ಮನೆ ಪೂರ್ತಿ ತುಂಬಿದ್ದಾಗಲೂ ತಿಂಗಳಿಗೆ 16,000 ಕೈಯಿಂದ ಹೋಗುತ್ತದೆ.

ಆದ್ದರಿಂದಲೇ ಸಾಲಕ್ಕಿಂತ ಪಾಲು. ಅದೂ ಅಲ್ಲದೆ ನೆಂಟಸ್ತನ ಇಲ್ಲದ ಇಬ್ಬರು ಸ್ನೇಹಿತರು ಜಂಟಿಯಾಗಿ ಗೃಹಸಾಲ ಕೇಳಿದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಕೊಟ್ಟರೂ ಕ್ರಯಪತ್ರದಲ್ಲಿ ಹೆಸರಿರುವ ಎಲ್ಲರೂ ಸಾಲಗಾರರಾಗಿ ಸಹಿ ಹಾಕಬೇಕು. 75 ಲಕ್ಷ ಮೀರಿದ ಸಾಲ ಮನೆಯ ಮೌಲ್ಯದ 75% ದಾಟುವಂತಿಲ್ಲ, ನೋಂದಣಿ ಖರ್ಚನ್ನು ಆ ಮೌಲ್ಯಕ್ಕೆ ಸೇರಿಸುವುದೂ ಇಲ್ಲ.

ಪಾಲುದಾರರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಿವೃತ್ತಿಯ ದುಡ್ಡು ಬಂದ ಚಿಕ್ಕಪ್ಪ, ಸ್ವಂತ ಮನೆಯ ಸಾಲ ಆಗಲೇ ತೀರಿಸಿಕೊಂಡ ಸಹೋದ್ಯೋಗಿ, ಅಮೆರಿಕದಲ್ಲಿರುವ ಕಾಲೇಜಿನ ಗೆಳೆಯ, ಇಂಥವರು ಸಾಕು. ಐದಾರು ವರ್ಷ ಮುಟ್ಟದ ದುಡ್ಡೇ ಎಂದು ಎರಡು ಸಲ ಕೇಳುತ್ತೇನೆ. ತಿಂಗಳ ಬಾಡಿಗೆಯಲ್ಲೇ ಮನೆ ನಡೆಸಬೇಕಾದವರನ್ನೂ ಪರ್ಸನಲ್ ಲೋನ್ ತೆಗೆದು ಬರುತ್ತೇನೆ ಅನ್ನುವವರನ್ನೂ ಸೇರಿಸುವುದಿಲ್ಲ. ಮೂವರಿಗಿಂತ ಹೆಚ್ಚು ಬೇಡ. ನಾಲ್ಕು ಜನ ಆದರೆ ಪ್ರತಿ ಸಹಿಗೂ ಒಬ್ಬರು ಊರಲ್ಲಿರುವುದಿಲ್ಲ. ನನ್ನ ಸ್ವಂತ ದುಡ್ಡು ಕಾಲು ಭಾಗಕ್ಕಿಂತ ಕಡಿಮೆ ಇರಬಾರದು. ಓಡಾಟದ ಕೂಲಿಯೆಂದು ಬಿಟ್ಟಿ ಪಾಲು ಕೇಳುವುದಿಲ್ಲ, ಬಂದ ಬಾಡಿಗೆಯಲ್ಲಿ 6% ಎಂದು ಬರೆದುಕೊಳ್ಳುತ್ತೇನೆ. ಮನೆ ಖಾಲಿ ಇದ್ದರೆ ನನಗೂ ಸೊನ್ನೆ.

ಇಲ್ಲಿ ತಪ್ಪು ನಡೆಯುವುದು ಹೆಸರಿನ ವಿಷಯದಲ್ಲಿ. "ಪತ್ರ ನಿನ್ನ ಹೆಸರಿಗೇ ಇರಲಿ, ನನಗೆ ಬಾಡಿಗೆ ಕಳಿಸು ಸಾಕು" ಎಂದು ಸ್ನೇಹಿತರು ಸಲೀಸಾಗಿ ಹೇಳುತ್ತಾರೆ. ಒಬ್ಬರ ದುಡ್ಡು, ಇನ್ನೊಬ್ಬರ ಹೆಸರು ಎಂದರೆ ಅದು ಬೇನಾಮಿ. 1988ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ ಆಸ್ತಿ ಮುಟ್ಟುಗೋಲಿನ ಜೊತೆಗೆ ಏಳು ವರ್ಷದವರೆಗೆ ಜೈಲೂ ಇದೆ. ಹೆಂಡತಿ ಮಕ್ಕಳಿಗೆ ವಿನಾಯಿತಿ ಉಂಟು, ಸ್ನೇಹಿತರಿಗೆ ಇಲ್ಲ. ಹಾಗೆಯೇ ಹತ್ತಾರು ಜನರಿಂದ "ವರ್ಷಕ್ಕೆ ಇಷ್ಟು ಗ್ಯಾರಂಟಿ" ಎಂದು ದುಡ್ಡು ಎತ್ತಿದರೆ ಅದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಕೈಗೆ ಸಿಗುತ್ತದೆ. ಆದ್ದರಿಂದ ಎಲ್ಲರ ಹೆಸರೂ ಕ್ರಯಪತ್ರದಲ್ಲೇ ಬರಬೇಕು, "ಶೇಕಡಾ 40, 35, 25ರ ಅವಿಭಜಿತ ಪಾಲು" ಎಂದು ಅಂಕಿಯ ಸಮೇತ. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಮ್ಮದೇ ಖಾತೆಯಿಂದ ನೇರ ಮಾರುವವರ ಖಾತೆಗೆ ಹಾಕಬೇಕು. ಆ ವರ್ಗಾವಣೆಗಳ ಯುಟಿಆರ್ ನಂಬರು, ತಾರೀಖು ಪತ್ರದಲ್ಲಿ ಒಂದೊಂದು ಸಾಲಾಗಿ ಇಳಿಯಬೇಕು. ಮುಂಗಡವೂ ಅಷ್ಟೆ, 20,000 ಅಥವಾ ಅದರ ಮೇಲೆ ನಗದು ಕೊಡುವಂತಿಲ್ಲ. ಪಾಲು ಹೀಗೆ ಖಚಿತವಾಗಿದ್ದರೆ ಆದಾಯ ತೆರಿಗೆಯೂ ಅವರವರ ಪಾಲಿಗೆ ಅವರವರದೇ. ಕಂದಾಯ ಕಳೆದ ಬಾಡಿಗೆಯಲ್ಲಿ 30% ಎಲ್ಲರಿಗೂ ವಿನಾಯಿತಿ ಸಿಗುತ್ತದೆ.

ಇದರ ಜೊತೆಗೆ ಸಹ ಮಾಲೀಕರ ಕರಾರು ಬೇರೆಯೇ ಆಗಬೇಕು. ಅದರಲ್ಲಿ ನಾನು ಬಿಡದೆ ಬರೆಸುವುದು ಹೊರಹೋಗುವ ದಾರಿ. ಐದು ವರ್ಷದೊಳಗೆ ಮಾರಾಟ ಕೇಳುವಂತಿಲ್ಲ. ಆಮೇಲೆ ಹೋಗುವವರು 90 ದಿನ ಮೊದಲು ತಿಳಿಸಬೇಕು. ಮೊದಲ ಹಕ್ಕು ಉಳಿದವರದು. ಬೆಲೆ ಇಬ್ಬರು ಮೌಲ್ಯಮಾಪಕರ ಅಂಕಿಯ ಸರಾಸರಿ. ಇದಿಲ್ಲದಿದ್ದರೆ ಯಾವ ಸಹ ಮಾಲೀಕರೂ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಬಹುದು, 30×40 ಮನೆಯನ್ನು ಮೂರು ಪಾಲು ಮಾಡಲಾಗದೆ ಹರಾಜಿಗೆ ಬರುತ್ತದೆ. ಜನ ಮರೆಯುವುದು ಇನ್ನೊಂದಿದೆ. ಅಣ್ಣತಮ್ಮಂದಿರ ನಡುವೆ ಹಕ್ಕು ಬಿಡುಗಡೆ ಪತ್ರ ಅಗ್ಗ, ಸ್ನೇಹಿತರ ನಡುವೆ ಅದಕ್ಕೆ ಹೆಚ್ಚೂಕಡಿಮೆ ಕ್ರಯದಷ್ಟೇ ಶುಲ್ಕ. ಅದನ್ನು ಹೋಗುವವರು ಕೊಡಬೇಕೋ ಉಳಿಯುವವರೋ ಎಂದು ಮೊದಲ ದಿನವೇ ಬರೆದಿಡಿ.

ಇನ್ನು ಮನೆ. ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವರು ವಿಜಯನಗರ ನಾಲ್ಕನೇ ಹಂತ, ಹಿನಕಲ್ ಕಡೆ ನೋಡುತ್ತಾರೆ. ಸಂಸಾರಸ್ಥರು, ಮಾನಸಗಂಗೋತ್ರಿಯ ವಿದ್ಯಾರ್ಥಿಗಳು ಸರಸ್ವತಿಪುರಂ, ಕುವೆಂಪುನಗರ ಬಿಟ್ಟು ಆಚೆ ಬರಲು ಮನಸ್ಸು ಮಾಡುವುದಿಲ್ಲ. ಗೋಕುಲಂನಲ್ಲಿ ಯೋಗಕ್ಕೆ ಬರುವ ವಿದೇಶಿಯರಿಂದ ಒಳ್ಳೆಯ ಬಾಡಿಗೆ ಬರುತ್ತದೆ, ಆದರೆ ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು. ದೂರದಿಂದ ನಡೆಸುವವರಿಗೆ ಅದು ಸರಿಹೋಗದು. ನನ್ನ ಆಯ್ಕೆ ದಕ್ಷಿಣ ದಿಕ್ಕಿಗೆ ಬಾಗಿಲಿರುವ ಮನೆ. ವಾಸ್ತುವಿನ ಕಾರಣಕ್ಕೆ ಕೊಳ್ಳುವವರು ಹಿಂಜರಿಯುವುದರಿಂದ ಬೆಲೆ ಇಳಿಯುತ್ತದೆ, ಬಾಡಿಗೆಗೆ ಬರುವವರಲ್ಲಿ ಅಷ್ಟು ಹಿಂಜರಿಕೆ ಕಾಣುವುದಿಲ್ಲ. ಚೌಕಾಸಿಗೆ ಆಷಾಢ ಒಳ್ಳೆಯ ಕಾಲ. ಅದೇ ಆಷಾಢದಲ್ಲಿ ಮನೆ ಖಾಲಿಯಾದರೆ ಶ್ರಾವಣದ ತನಕ ಯಾರೂ ಬರುವುದಿಲ್ಲ, ಆದ್ದರಿಂದ ಕರಾರುಗಳ ಕೊನೆಯ ತಿಂಗಳು ಮೇ ಆಗುವಂತೆ ನೋಡಿಕೊಳ್ಳುತ್ತೇನೆ.

ವಿಡಿಯೊ ಕಾಲಿನಲ್ಲಿ ಮನೆ ನೋಡುವುದಕ್ಕೆ ಒಂದು ಕ್ರಮ ಇದೆ. ಬ್ರೋಕರ್ ಫೋನು ಹಿಡಿದರೆ ಹಾಲ್, ಪೂಜಾ ಕೋಣೆ ತೋರಿಸಿ ಮುಗಿಸುತ್ತಾರೆ. ಅದಕ್ಕೆ ನನ್ನ ಕಡೆಯ ಪ್ಲಂಬರನ್ನೇ 500 ರೂಪಾಯಿ ಕೊಟ್ಟು ಕಳಿಸುತ್ತೇನೆ. ಅವರು ಮೊದಲು ಮೇಲಿನ ಮನೆಯ ಬಾತ್‌ರೂಮಿನಲ್ಲಿ ಎರಡು ಬಕೆಟ್ ನೀರು ಸುರಿದು, ಹದಿನೈದು ನಿಮಿಷ ಬಿಟ್ಟು ಕೆಳಗಿನ ಮನೆಯ ಬಾತ್‌ರೂಮಿನ ಸೂರಿಗೆ ಟಾರ್ಚು ಹಿಡಿಯಬೇಕು. ಹೊಸ ಸುಣ್ಣ ಬಳಿದಿದ್ದರೂ ಪೈಪು ಇಳಿಯುವ ಮೂಲೆಯಲ್ಲಿ ಹಳದಿ ಉಂಗುರ ಎದ್ದು ಕಾಣುತ್ತದೆ, ಬೆರಳಿಟ್ಟರೆ ಪುಡಿ ಉದುರುತ್ತದೆ. ಅದು ಕಂಡರೆ ಮೇಲಿನ ಟೈಲ್ಸು ಕಿತ್ತು ವಾಟರ್‌ಪ್ರೂಫ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳುತ್ತೇನೆ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು, ಯುಜಿಡಿ (ಒಳಚರಂಡಿ) ಚೇಂಬರಿನ ಮುಚ್ಚಳ ತೆಗೆದು ನೀರು ನಿಂತಿದೆಯೇ ಎಂಬುದು, ಸಂಪಿನ ಅಳತೆ. ಮೂರು ಮನೆಗೆ 6,000 ಲೀಟರಿಗಿಂತ ಚಿಕ್ಕ ಸಂಪು ಸಾಲದು. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಮಾಲೀಕರನ್ನಲ್ಲ, ಎದುರು ಮನೆಯವರನ್ನು ಕೇಳಿಸುತ್ತೇನೆ. ಕೊನೆಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆದು, ಪತ್ರದ ಚೆಕ್ಕುಬಂದಿ ಓದಿ ಹೇಳಿ, ಪೂರ್ವಕ್ಕೆ ನಿಜಕ್ಕೂ ರಸ್ತೆ ಇದೆಯೇ ಎಂದು ತೋರಿಸಬೇಕು.

ಕಾಗದದ ವಿಷಯಕ್ಕೆ ಬಂದರೆ, ಋಣಭಾರ ಪತ್ರ (ಇಸಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಸಾಲಗಳ ಪಟ್ಟಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲಿ ಕೂತೇ ಸಿಗುತ್ತದೆ. ಅದರ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಯಾರಾದರೂ ಹೋಗಲೇಬೇಕು. 30 ವರ್ಷದ್ದು ನೋಡದೆ ಮುಂಗಡ ಕೊಡಬೇಡಿ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ ಸೈಟಾದರೆ ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ಕ್ರಯಪತ್ರ ಒಂದರ ಹಿಂದೊಂದು ಕೂಡಿಬರಬೇಕು. ಜಮೀನು ಕಳೆದುಕೊಂಡವರಿಗೆ 50:50 ಅನುಪಾತದಲ್ಲಿ ಹಂಚಿಕೆಯಾದ ಸೈಟುಗಳು ತನಿಖೆಗೆ ಒಳಗಾಗಿವೆ, ನಾನು ಮುಟ್ಟುವುದಿಲ್ಲ. ಸಹಕಾರ ಸಂಘದ ಬಡಾವಣೆಯಾದರೆ ಅನುಮೋದಿತ ನಕ್ಷೆಯಲ್ಲಿ ಆ ನಂಬರು ಸೈಟೋ, ಪಾರ್ಕೋ, ಸಿಎ (ನಾಗರಿಕ ಸೌಲಭ್ಯದ) ಜಾಗವೋ ನೋಡಿ. ರಿಂಗ್ ರಸ್ತೆಯ ಆಚೆ ಪಂಚಾಯಿತಿ ಖಾತೆಯಾದರೆ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಲ್ಲಿ ಫಾರಂ 9 ಮತ್ತು 11ಎ ಇರಬೇಕು. 11ಬಿ (ಅನುಮೋದನೆ ಇಲ್ಲದ ಆಸ್ತಿ) ಎಂದು ಕಂಡರೆ ಅಲ್ಲಿಗೇ ಮಾತು ಮುಗಿಸಿ. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ಅದು ಬರುವುದು ಯಾವಾಗ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಕರಾರಿನಲ್ಲಿ "ಇಂದಿನಿಂದ ಮೂರು ತಿಂಗಳು" ಎಂದು ಬರೆಸದೆ "ಇ-ಖಾತೆ ಕೈಸೇರಿದ 45 ದಿನದೊಳಗೆ" ಎಂದು ಬರೆಸುತ್ತೇನೆ.

ಮೈಸೂರಿನಲ್ಲಿ ಹೆಚ್ಚಾಗಿ ಮಾರಾಟಕ್ಕೆ ಬರುವುದು ಅಪ್ಪ ಕಟ್ಟಿಸಿದ, ಮಕ್ಕಳೆಲ್ಲ ಹೊರಗೆ ನೆಲೆಸಿದ ಮನೆ. ಹಿಂದೂ ಕುಟುಂಬವಾಗಿದ್ದು ವಿಲ್ ಬರೆಯದೆ ಅಪ್ಪ ತೀರಿಕೊಂಡಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕನ ಸಹಿ ಬಿಟ್ಟರೆ ಹತ್ತು ವರ್ಷದ ಮೇಲೂ ನೋಟಿಸು ಬರುತ್ತದೆ, ವಂಶವೃಕ್ಷ ತರಿಸಿ ಹೆಸರು ಎಣಿಸಿ. ಅವರಲ್ಲಿ ಒಬ್ಬರು ಅನಿವಾಸಿಯಾದರೆ ತೆರಿಗೆಯ ಲೆಕ್ಕವೇ ಬೇರೆ. ಇಲ್ಲಿಯವರಿಂದ ಕೊಳ್ಳುವಾಗ ಬೆಲೆ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟಿದರೆ ಆಯಿತು. ಅನಿವಾಸಿಯ ಪಾಲಿಗೆ 12.5%, ಮೇಲೆ ಸೆಸ್ಸು ಸರ್‌ಚಾರ್ಜು, ಅವರು ಕಡಿಮೆ ಕಡಿತದ ಪ್ರಮಾಣಪತ್ರ ತಂದಿದ್ದರೆ ಮಾತ್ರ ಇಳಿಯುತ್ತದೆ. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ಕೊಂಡವರನ್ನು. ನಾವು ಮೂವರು ಕೊಳ್ಳುವವರು, ತಲಾ 30 ಲಕ್ಷ ತಾನೆ, ಟಿಡಿಎಸ್ ಬೇಡ ಅನ್ನುವ ವಾದವೂ 2024ರ ಅಕ್ಟೋಬರ್ 1ರಿಂದ ನಡೆಯುವುದಿಲ್ಲ. ಒಟ್ಟು ಬೆಲೆಯನ್ನೇ ನೋಡುತ್ತಾರೆ.

ನೋಂದಣಿಯ ದಿನಕ್ಕೆ ಬರಲಾಗದ ಪಾಲುದಾರರು ಅಧಿಕಾರ ಪತ್ರ ಕೊಡಬೇಕು. ಆ ಒಂದು ಆಸ್ತಿಗೆ, ಆ ಒಂದು ಕೆಲಸಕ್ಕೆ ಸೀಮಿತವಾದ ಸ್ಪೆಷಲ್ ಪವರ್ ಆಫ್ ಅಟಾರ್ನಿ ಸಾಕು, ಜನರಲ್ ಬೇಡ. ಬರೀ ನೋಟರಿ ಮಾಡಿಸಿ ಕೊರಿಯರ್ ಮಾಡಿದರೆ ಸಬ್‌ರಿಜಿಸ್ಟ್ರಾರ್ ವಾಪಸ್ ಕಳಿಸುತ್ತಾರೆ. ದೇಶದೊಳಗೆ ಇರುವವರು ತಾವಿರುವ ಊರಿನ ಸಬ್‌ರಿಜಿಸ್ಟ್ರಾರ್ ಮುಂದೆಯೇ ದೃಢೀಕರಿಸಿರಬೇಕು. ವಿದೇಶದಿಂದ ಬಂದದ್ದಕ್ಕೆ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ನೋಂದಣಿಯ ಬೆಳಿಗ್ಗೆ ಋಣಭಾರ ಪತ್ರವನ್ನು ಇನ್ನೊಂದು ಸಲ ತೆಗೆಯುತ್ತೇನೆ.

ಮನೆ ಕೈಗೆ ಬಂದ ಮೇಲೆ ಮೊದಲ ಕೆಲಸ ಮೂರು ಮನೆಗೂ ಬೇರೆ ಬೇರೆ ಮೀಟರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರು ಬಾಗಿಲಲ್ಲೇ ಕೇಳುವುದು ಇದನ್ನು. ಬಿಟ್ಟು ಹೋಗುವವರು ಆ ಮೀಟರಿನ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಬಿಡಿಸದೆ ಹೋದರೆ ಮುಂದೆ ಬಂದವರಿಗೆ ಯೋಜನೆ ಸಿಗುವುದಿಲ್ಲ. ಅದಕ್ಕೆ ಡಿಲಿಂಕ್ ಆದ ಮೆಸೇಜು ತೋರಿಸಿದ ಮೇಲೆ ಅಡ್ವಾನ್ಸ್ ವಾಪಸ್ ಎಂದು 11 ತಿಂಗಳ ಕರಾರಿನಲ್ಲೇ ಸೇರಿಸಿದ್ದೇನೆ. ನೋಡಿಕೊಳ್ಳಲು ಅದೇ ಬೀದಿಯ ನಿವೃತ್ತರೊಬ್ಬರು ಇದ್ದರೆ ಸಾಕು, ತಿಂಗಳಿಗೆ 2,000. ಹೊಸಬರನ್ನು ತಂದರೆ ಅರ್ಧ ತಿಂಗಳ ಬಾಡಿಗೆ ಬೇರೆ. ಅವರ ನಂಬರು ಬರೆದ "ಮನೆ ಬಾಡಿಗೆಗಿದೆ" ಬೋರ್ಡು ಗೇಟಿಗೆ ನೇತುಹಾಕಿದರೆ ಆ್ಯಪಿಗಿಂತ ಬೇಗ ಜನ ಬರುತ್ತಾರೆ.

ಭೋಗ್ಯಕ್ಕೆ ಹಾಕಿ, ಹತ್ತು ಲಕ್ಷ ಒಟ್ಟಿಗೆ ಬರುತ್ತದೆ ಎಂದು ಪಾಲುದಾರರೊಬ್ಬರು ಎಂದಾದರೂ ಹೇಳಿಯೇ ಹೇಳುತ್ತಾರೆ. ಮೂರು ವರ್ಷದ ಕೊನೆಗೆ ಆ ದುಡ್ಡು ಇಡಿಯಾಗಿ ಹಿಂತಿರುಗಿಸಬೇಕು, ಆಗ ಮೂವರಲ್ಲಿ ಒಬ್ಬರ ಹತ್ತಿರ ಇರುವುದಿಲ್ಲ. ಬಾಡಿಗೆಯ ಅಡ್ವಾನ್ಸಿಗೂ ಅದೇ ಎಚ್ಚರ ಬೇಕು. ಅದನ್ನು ಹಂಚಿಕೊಳ್ಳದೆ ಇಬ್ಬರ ಸಹಿಯ ಜಂಟಿ ಖಾತೆಯಲ್ಲಿ ಎಫ್‌ಡಿ ಮಾಡಿಡುತ್ತೇವೆ. ಮೂಲ ಕ್ರಯಪತ್ರ ಒಂದೇ ಇರುವುದರಿಂದ ಅದು ಹೆಚ್ಚು ಪಾಲಿರುವವರ ಲಾಕರಿಗೆ ಹೋಗುತ್ತದೆ, ಉಳಿದವರಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲು ಒಂದೊಂದು.