ನುಣುಪು ತಗಡಿನ ಗೋಡೆಗೆ ಸ್ಪ್ರೇ ಫೋಮ್: ನಡುವೆ ಒಂದು ಪದರ ಇರಲೇಬೇಕು

ಏಣುಗಳಿರುವ ತಗಡು ಒಳಗಿನ ಎಷ್ಟೋ ತಪ್ಪುಗಳನ್ನು ಮರೆಸುತ್ತದೆ. ಸಪಾಟಾದ ನುಣುಪು ತಗಡು ಒಂದನ್ನೂ ಮರೆಸುವುದಿಲ್ಲ. ಅದರ ಬೆನ್ನಿಗೆ ನೇರವಾಗಿ ಸ್ಪ್ರೇ ಫೋಮ್, ಅಂದರೆ ಶಾಖ ತಡೆಯಲು ಸಿಂಪಡಿಸುವ, ಉಬ್ಬಿ ಗಟ್ಟಿಯಾಗುವ ನೊರೆ, ಹೊಡೆದರೆ ಹೊರಮೈ ಅಲೆಅಲೆಯಾಗುವ ಸಾಧ್ಯತೆ ಬಹಳ. ಬಿಸಿಲು ಓರೆಯಾಗಿ ಬಿದ್ದಾಗಲಂತೂ ಪ್ರತಿ ಉಬ್ಬೂ ಎದ್ದು ಕಾಣುತ್ತದೆ. ಈ ಕಸುಬಿನಲ್ಲಿ ಇದಕ್ಕೆ ಆಯಿಲ್ ಕ್ಯಾನಿಂಗ್ ಎನ್ನುತ್ತಾರೆ. ಫೋಮ್ ಕಚ್ಚಿಕೊಂಡ ತಗಡನ್ನು ಹಾಳಾಗದಂತೆ ಬಿಡಿಸುವುದು ಆಗದ ಮಾತು, ಹಾಗಾಗಿ ಆಮೇಲೆ ಸರಿಪಡಿಸುವ ದಾರಿಯೂ ಇರುವುದಿಲ್ಲ.

ಹೀಗೇಕೆ ಆಗುತ್ತದೆ? ಫೋಮಿನ ಎರಡು ದ್ರವಗಳು ಬೆರೆತಾಗ ಜೋರು ಬಿಸಿ ಹುಟ್ಟುತ್ತದೆ. ತೆಳು ತಗಡು ಆ ಬಿಸಿಗೆ ಹಿಗ್ಗಿರುವಾಗಲೇ ಫೋಮ್ ಗಟ್ಟಿಯಾಗುತ್ತದೆ, ತಣಿಯುವಾಗ ತುಸು ಕುಗ್ಗಿ ತಗಡನ್ನು ಒಳಕ್ಕೆ ಎಳೆಯುತ್ತದೆ. ಇನ್ನು ಹಗಲು ರಾತ್ರಿಯ ಹಿಗ್ಗು ಕುಗ್ಗು ಬೇರೆ. 3 ಮೀಟರ್ ಉದ್ದದ ಉಕ್ಕಿನ ತಗಡು 50 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 1.8 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಹೆಚ್ಚುಕಡಿಮೆ ಇಮ್ಮಡಿ. ಸರಿದಾಡಲು ಎಡೆ ಸಿಗದ ತಗಡು ಉಬ್ಬಲೇಬೇಕು. ಸಾಲದ್ದಕ್ಕೆ, ಸ್ಕ್ರೂ ತೂತಿನಿಂದ ಇಳಿದ ನೀರು ಫೋಮಿಗೂ ತಗಡಿಗೂ ನಡುವೆ ಸಿಕ್ಕಿಕೊಂಡರೆ ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಯುತ್ತದೆ.

ಹೊಸದಾಗಿ ಕಟ್ಟುವಾಗ ಕೆಲಸ ಸುಲಭ. ಚೌಕಟ್ಟಿನ ಹೊರಬದಿಗೆ 12 ಮಿ.ಮೀ. ಪ್ಲೈವುಡ್ ಬಡಿಯಿರಿ. ಅದರ ಮೇಲೆ ನೀರು ತಡೆದು ಆವಿ ಬಿಡುವ ಹೊದಿಕೆ ಹಾಸಿ. ಹೊದಿಕೆಯ ಮೇಲಿನ ಸಾಲು ಕೆಳಗಿನ ಸಾಲನ್ನು ಕನಿಷ್ಠ 150 ಮಿ.ಮೀ. ಮುಚ್ಚಿರಲಿ. ಅದರ ಮೇಲೆ 20 ಮಿ.ಮೀ. ದಪ್ಪದ ಪಟ್ಟಿಗಳು, ಪಟ್ಟಿಗಳ ಮೇಲೆ ತಗಡು. ಫೋಮ್ ಒಳಗಿನಿಂದ ಪ್ಲೈವುಡ್‌ಗೆ ಅಂಟುತ್ತದೆ, ತಗಡಿಗೆ ಅದರ ಸುದ್ದಿಯೇ ಇರುವುದಿಲ್ಲ. ಪಟ್ಟಿಗಳು ನೆಟ್ಟಗೆ ನಿಂತರೆ ಗಾಳಿಯೂ ನೀರೂ ಸಲೀಸಾಗಿ ಹರಿಯುತ್ತವೆ. ತಗಡನ್ನೇ ನೆಟ್ಟಗೆ ನಿಲ್ಲಿಸುವುದಾದರೆ ಮೊದಲು ನೆಟ್ಟಗಿನ ಪಟ್ಟಿ, ಅದರ ಮೇಲೆ ಅಡ್ಡ ಪಟ್ಟಿ ಬೇಕು. ತಗಡಿನ ಹಿಂದಿನ ಸಂದಿನ ಮೇಲೂ ಕೆಳಗೂ ತೆರೆದಿಟ್ಟು ಹುಳ ಬಾರದ ಜಾಲರಿ ಹಾಕಿ.

ಇಲ್ಲಿ ಆತುರ ಬೇಡ: ಪಟ್ಟಿಗಳ ಮೇಲೆ ದಾರ ಎಳೆದು ನೋಡಿ. ಎರಡು ಮೂರು ಮಿಲಿಮೀಟರ್ ಉಬ್ಬಿದ್ದರೂ ನುಣುಪು ತಗಡಿನಲ್ಲಿ ಕಾಣುತ್ತದೆ, ಆಗ ಏನೂ ತಪ್ಪು ಮಾಡದ ಫೋಮಿನ ಮೇಲೆ ದೂರು ಬರುತ್ತದೆ. ಉದ್ದ ತೂತಿರುವ ಕಡೆ ಸ್ಕ್ರೂವನ್ನು ತೂತಿನ ನಡುವೆ ಕೂರಿಸಿ, ತಗಡು ಸರಿದಾಡುವಷ್ಟು ಸಡಿಲ ಬಿಡಿ.

ತಗಡು ಆಗಲೇ ಕೂತಿದ್ದರೆ ಒಳಗಿನಿಂದ ಪದರ ಕೊಡಬೇಕು. ಮೊದಲು ಸೋರಿಕೆ ಮುಚ್ಚಿ. ಪ್ರತಿ ಕಂಬದ ಎರಡೂ ಪಕ್ಕಕ್ಕೆ, ತಗಡಿಗೆ ತಾಗಿದಂತೆ, 20 ಮಿ.ಮೀ. ಕಡ್ಡಿ ಹೊಡೆಯಿರಿ. 25 ಮಿ.ಮೀ. ಗಟ್ಟಿ ಫೋಮ್ ಹಲಗೆಯನ್ನು ಅಳತೆಗೆ ಕೊಯ್ದು ಕಡ್ಡಿಗೆ ಒತ್ತಿ ನಿಲ್ಲಿಸಿ, ಅಂಚುಗಳನ್ನು ಕಡಿಮೆ ಉಬ್ಬುವ ಡಬ್ಬಿ ಫೋಮಿನಿಂದ ಮುಚ್ಚಿ. ಅದರ ಮೇಲೆ ಸ್ಪ್ರೇ ಮಾಡಿ. ಬರೀ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಸಾಲದು. ಉಬ್ಬುವ ಫೋಮ್ ಹಾಳೆಯನ್ನು ತಳ್ಳಿಕೊಂಡು ಹೋಗಿ ತಗಡಿಗೇ ಒರಗುತ್ತದೆ.

ಇಂಥ ಗೋಡೆಗೆ ನಮ್ಮ ಆಯ್ಕೆ ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳು ಮುಚ್ಚಿರುವ) ಫೋಮ್, ಘನಮೀಟರಿಗೆ ಸುಮಾರು 32 ಕಿಲೋ ತೂಗುವಂಥದ್ದು. 50 ಮಿ.ಮೀ. ದಪ್ಪಕ್ಕೆ ಬಂದರೆ ಅದೇ ಆವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಘನಮೀಟರಿಗೆ 8 ಕಿಲೋ ಆಸುಪಾಸಿನ ಓಪನ್ ಸೆಲ್ (ಗುಳ್ಳೆಗಳು ತೆರೆದಿರುವ) ಫೋಮ್ ಅಗ್ಗ, ಆದರೆ ಅದು ಆವಿ ಬಿಡುತ್ತದೆ. ಚಳಿ ಹೆಚ್ಚಿರುವ ಕಡೆ ಒಳಗೆ ಬೇರೆ ತಡೆ ಬೇಕಾಗುತ್ತದೆ. 10 ಚದರ ಮೀಟರ್ ಗೋಡೆಗೆ 50 ಮಿ.ಮೀ. ಹೊಡೆಯಲು 0.5 ಘನಮೀಟರ್, ಅಂದರೆ 16 ಕಿಲೋ ಕ್ಲೋಸ್ಡ್ ಸೆಲ್. ಪೋಲಾಗುವುದನ್ನು ಸೇರಿಸಿ 18 ಕಿಲೋ ಹಿಡಿಯಿರಿ.

ಮರ ಒಣಗಿರಲಿ, ತೇವ 19 ಶೇಕಡಕ್ಕಿಂತ ಕೆಳಗಿರಬೇಕು. ಧೂಳು, ಎಣ್ಣೆ ಒರೆಸಿ. ಕಂಬಗಳ ನಡುವಿನ ಪ್ರತಿ ಖಾನೆಯ ಅಂಚನ್ನು ಮೊದಲು ಸುತ್ತಲೂ ಹೊಡೆದು ಆಮೇಲೆ ನಡು ತುಂಬಿ. ಒಂದು ಸಲಕ್ಕೆ 50 ಮಿ.ಮೀ. ಮೀರಬೇಡಿ, ಮುಂದಿನ ಸುತ್ತಿಗೆ ಮೊದಲು ಪೂರ್ತಿ ತಣಿಯಲು ಬಿಡಿ. ಒಮ್ಮೆಗೇ ದಪ್ಪ ಹೊಡೆದರೆ ನಡುವೆ ಕರಕಲಾಗುತ್ತದೆ, ಕಂಬದಿಂದ ಬಿರುಕು ಬಿಡುತ್ತದೆ, ಬೆಂಕಿಯೂ ಹತ್ತಬಹುದು. ಎರಡು ದ್ರವಗಳು 1:1 ಪ್ರಮಾಣದಲ್ಲೇ ಬರುತ್ತಿವೆಯೇ ಎಂದು ರಟ್ಟಿನ ತುಂಡಿನ ಮೇಲೆ ಹೊಡೆದು ನೋಡಿ. ಫೋಮ್ ಪುಡಿಪುಡಿಯಾದರೆ ಎರಡರಲ್ಲಿ ಒಂದಾದ ಐಸೊಸಯನೇಟ್ ದ್ರವ ಹೆಚ್ಚು. ಮೆತ್ತಗೆ ಅಂಟಂಟಾಗಿ ನಾತ ಹೊಡೆದರೆ ಇನ್ನೊಂದು ದ್ರವ ಹೆಚ್ಚು. ಅಂಥದ್ದು ಗೋಡೆಗೆ ಬಿದ್ದಿದ್ದರೆ ಕೆತ್ತಿ ತೆಗೆಯಲೇಬೇಕು. ಕಬ್ಬಿಣದ ಚೌಕಟ್ಟಾದರೆ ಕಂಬದ ಒಳಮುಖವನ್ನೂ ಫೋಮಿನಿಂದ ಮುಚ್ಚಿ, ಇಲ್ಲವಾದರೆ ಶಾಖ ಅದರ ಮೂಲಕವೇ ಹಾದುಹೋಗುತ್ತದೆ.

ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಅಪಾಯ, ಆಸ್ತಮಾ ತರಬಲ್ಲದು. ಹೊಡೆಯುವವರಿಗೆ ಹೊರಗಿನ ಗಾಳಿ ಪೂರೈಸುವ ಮುಖವಾಡ, ಮೈ ಮುಚ್ಚುವ ಉಡುಪು, ಕೈಗವಸು ಬೇಕು. ಸಾಧಾರಣ ಬಟ್ಟೆ ಮಾಸ್ಕ್ ಪ್ರಯೋಜನಕ್ಕಿಲ್ಲ. ಉಳಿದವರು 24 ಗಂಟೆ, ಇಲ್ಲವೇ ತಯಾರಕರು ಹೇಳಿದಷ್ಟು ಹೊತ್ತು, ಒಳಗೆ ಕಾಲಿಡಬಾರದು. ಫೋಮ್ ಉರಿಯುವ ವಸ್ತು. ವಾಸದ ಕೋಣೆಯಾದರೆ ಅದರ ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಹಾಕದೆ ಬಿಡಬೇಡಿ, ವೆಲ್ಡಿಂಗ್ ಕೆಲಸವಿದ್ದರೆ ಫೋಮಿಗೆ ಮೊದಲೇ ಮುಗಿಸಿ.