ಬೆನ್ನು ಹಲಗೆ ಇಲ್ಲದ ಪುಸ್ತಕದ ರ್ಯಾಕನ್ನು ಅಲ್ಲಾಡದ ಹಾಗೆ ನಿಲ್ಲಿಸಿದ್ದು

ನಮ್ಮ ಮನೆ ಇರುವುದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಮಳೆಗಾಲ ಹಿಡಿದರೆ ಗೋಡೆ ಮುಟ್ಟಿದ ಕೈ ತಣ್ಣಗಾಗುತ್ತದೆ. ಮೊದಲು ನಮ್ಮಲ್ಲಿದ್ದ ಪುಸ್ತಕದ ಬೀರುವಿಗೆ ಪ್ಲೈವುಡ್ ಬೆನ್ನು ಇತ್ತು. ಒಂದು ವರ್ಷ ದೀಪಾವಳಿಗೆ ಮನೆ ಗುಡಿಸುವಾಗ ಬೀರು ಸರಿಸಿ ನೋಡಿದರೆ ಪ್ಲೈ ತುಂಬಾ ಬೂಷ್ಟು. ಅದಕ್ಕೆ ಒರಗಿಕೊಂಡಿದ್ದ ಪುಸ್ತಕಗಳ ರಟ್ಟೆಲ್ಲ ಬೆಳ್ಳಗಾಗಿತ್ತು. ಹಾಗಾಗಿ ಹೊಸದು ಮಾಡಿಸುವಾಗ ನಾನೇ ಹೇಳಿದೆ, ಹಿಂದೆ ಹಲಗೆ ಬೇಡ, ಗಾಳಿ ಆಡಲಿ ಅಂತ. ಹಲಸಿನ ಮರದ ರ್ಯಾಕು. 6 ಅಡಿ ಎತ್ತರ, 3 ಅಡಿ ಅಗಲ, 10 ಇಂಚು ಆಳ. ಪುಸ್ತಕ ಇಡಲು ಐದು ಸಾಲು.

ಗಾಳಿಯೇನೋ ಚೆನ್ನಾಗಿ ಆಡಿತು. ಆದರೆ ಪುಸ್ತಕ ತುಂಬಿಸಿದ ಮೇಲೆ ರ್ಯಾಕು ಓಲಾಡಲು ಶುರುವಾಯಿತು. ಮೇಲಿನಿಂದ ಒಂದು ಪುಸ್ತಕ ಎಳೆದರೆ ಸಾಕು, ಇಡೀ ರ್ಯಾಕು ಎಡಕ್ಕೆ ವಾಲಿ ಮತ್ತೆ ವಾಪಸು ಬರುತ್ತಿತ್ತು. ಒಂದು ಅಡಿ ಉದ್ದದ ಸಾಲಿನ ಪುಸ್ತಕಗಳನ್ನು ತಬ್ಬಿಕೊಂಡು ತೂಕದ ಮೆಷಿನ್ ಮೇಲೆ ನಿಂತು ನೋಡಿದೆ. ನನ್ನ ತೂಕ ಕಳೆದರೆ 9 ಕೆ.ಜಿ. ಅಂದರೆ ಐದೂ ಸಾಲು ಸೇರಿ 135 ಕೆ.ಜಿ. ಅದೇ ವಾರ ಎರಡೂವರೆ ವರ್ಷದ ಮೊಮ್ಮಗಳು ಕೆಳಗಿನ ಹಲಗೆ ಮೇಲೆ ಕಾಲಿಟ್ಟು, ಮೇಲಿನ ಹಲಗೆ ಹಿಡಿದು ಏರಲು ನೋಡಿದಳು. ಓಡಿ ಹೋಗಿ ಎತ್ತಿಕೊಂಡೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನವೇ ಎರಡು ಎಲ್ ಕ್ಲ್ಯಾಂಪ್ ತಂದು, ರ್ಯಾಕಿನ ತಲೆಯನ್ನು ಗೋಡೆಗೆ ಬಿಗಿದೆ. ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ತೂರಿಸುವ ಸಣ್ಣ ಪ್ಲಗ್, ಒಂದೂವರೆ ಇಂಚಿನ ಸ್ಕ್ರೂ. ಓಲಾಟ ನಿಂತಿತು. ಸಮಸ್ಯೆ ಮುಗಿಯಿತು ಅಂತ ಸುಮ್ಮನಾದೆ. ಮೂರು ತಿಂಗಳಾದ ಮೇಲೆ ಮೇಲಿನ ಸಾಲಿನ ಪುಸ್ತಕಗಳ ತಲೆ ಮೇಲೆ ಕೆಂಪು ಪುಡಿ ಬಿದ್ದಿರುವುದು ಕಂಡಿತು. ಕ್ಲ್ಯಾಂಪ್ ಹಿಡಿದು ಎಳೆದರೆ ಪ್ಲಗ್ ಸಮೇತ ಕೈಗೇ ಬಂತು.

ನಮ್ಮದು ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲಿನ ಗೋಡೆ. ಹೊರಗಿನಿಂದ ನೋಡಲು ಗಟ್ಟಿ, ಒಳಗೆ ತೂತು ತೂತು. ನಾನು ಮಾಡಿದ್ದ ತಪ್ಪು ಅದೊಂದೇ ಅಲ್ಲ. ರ್ಯಾಕು ಓಲಾಡುವ ಬಲವನ್ನೆಲ್ಲ ಆ ಎರಡು ಸ್ಕ್ರೂ ಮೇಲೆ ಹಾಕಿದ್ದೆ. ದಿನಕ್ಕೆ ಹತ್ತು ಸಲ ಅತ್ತ ಇತ್ತ ಎಳೆದಾಡಿ ಅವು ತೂತನ್ನು ದೊಡ್ಡದು ಮಾಡಿಕೊಂಡಿದ್ದವು.

ರ್ಯಾಕು ಮಾಡಿಕೊಟ್ಟ ಆಚಾರ್ರನ್ನು ಕರೆಸಿದೆ. ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಳಗಿನ ಪೆಟ್ಟಿಗೆ ಹೊರಗೆಳೆದು, ಬರೀ ಹೊರಗಿನ ಕವಚವನ್ನು ನನ್ನ ಕೈಗೆ ಕೊಟ್ಟರು. "ಅಮ್ಮಾ, ಒಂದು ಮೂಲೆ ಒತ್ತಿ ನೋಡಿ" ಅಂದರು. ಒತ್ತಿದೆ. ಓರೆಯಾಗಿ ಚಪ್ಪಟೆಯಾಯಿತು. ಪೆಟ್ಟಿಗೆ ತೂರಿಸಿ ಮತ್ತೆ ಒತ್ತಿದರೆ ಜಪ್ಪಯ್ಯ ಅನ್ನಲಿಲ್ಲ. "ನಿಮ್ಮ ರ್ಯಾಕು ಖಾಲಿ ಕವಚ. ಮೊದ್ಲು ಅದು ತನ್ ಕಾಲ್ ಮೇಲೆ ನಿಲ್ಲಲಿ. ಗೋಡೆಗೆ ಕಟ್ಟೋದು ಆಮೇಲೆ."

ಅಲ್ಲಿಗೆ ನನಗೆ ಎರಡು ಕೆಲಸ ಬೇರೆ ಬೇರೆ ಅಂತ ಗೊತ್ತಾಯಿತು. ಪಕ್ಕಕ್ಕೆ ಓಲಾಡುವುದು ಚೌಕಟ್ಟಿನ ತೊಂದರೆ. ಮುಂದಕ್ಕೆ ಮಗುಚುವುದನ್ನು ತಡೆಯಲು ಮಾತ್ರ ಗೋಡೆ ಬೇಕು.

ಓಲಾಟಕ್ಕೆ ಸುಲಭದ ಮದ್ದು ಬೆನ್ನಿಗೆ 6 ಎಂ.ಎಂ. ಪ್ಲೈ ಹೊಡೆಯುವುದು. ಬೆಂಗಳೂರಿನಲ್ಲಿರುವ ನನ್ನ ತಂಗಿ ಹಾಗೇ ಮಾಡಿದ್ದಾಳೆ. ಗೋಡೆ ಒಣಗಿರುವ ಮನೆಗೆ ಅದೇ ಸರಿ. ನಮಗೆ ಬೂಷ್ಟಿನ ಭಯ. ಅದಕ್ಕೆ ನಾನು ಬೆನ್ನಿಗೆ ಕಬ್ಬಿಣದ ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಬಿಗಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚು ಅಗಲ, 3 ಎಂ.ಎಂ. ದಪ್ಪದ ಪಟ್ಟಿ, 7 ಅಡಿಯವು ಎರಡು ತಂದೆ. ತೆಳು ಪಟ್ಟಿ ಎಳೆತ ತಡೆಯುತ್ತದೆ, ಒತ್ತಿದರೆ ಬಾಗುತ್ತದೆ. ಒಂದೇ ಹಾಕಿದರೆ ಒಂದು ಕಡೆ ಓಲಾಟ ಮಾತ್ರ ನಿಲ್ಲುತ್ತದೆ. ಅದಕ್ಕೇ ಎರಡು ಬೇಕು. ತುಕ್ಕು ಹಿಡಿಯದಿರಲಿ ಅಂತ ಮೊದಲೇ ಪ್ರೈಮರ್ ಹೊಡೆದು ಬಣ್ಣ ಬಳಿದೆ.

ಪುಸ್ತಕ ಎಲ್ಲ ಇಳಿಸಿ, ಚಾಪೆ ಹಾಸಿ, ರ್ಯಾಕನ್ನು ಬೋರಲು ಮಲಗಿಸಿದೆವು. ಪಟ್ಟಿ ಬಿಗಿಯುವ ಮೊದಲು ಒಂದು ಕೆಲಸ ಇದೆ, ಇದನ್ನು ಮಾತ್ರ ಬಿಡಬೇಡಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಓರೆಗಳನ್ನು ಅಳೆಯಬೇಕು. ನಮ್ಮದರಲ್ಲಿ ಒಂದು 202.1 ಸೆಂ.ಮೀ., ಇನ್ನೊಂದು 200.4. ಅಂದರೆ ರ್ಯಾಕಿನ ತಲೆ 2 ಸೆಂ.ಮೀ. ಒಂದು ಪಕ್ಕಕ್ಕೆ ವಾಲಿತ್ತು. ಹಾಗೇ ಬಿಗಿದಿದ್ದರೆ ಜೀವನಪೂರ್ತಿ ಸೊಟ್ಟಗೇ ಇರುತ್ತಿತ್ತು. ಉದ್ದ ಇದ್ದ ಕಡೆಯ ಮೂಲೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಎರಡೂ 201.2ಕ್ಕೆ ಬಂದ ಮೇಲೆ ಸ್ಕ್ರೂ ಹಾಕಿದೆವು. ಎರಡು ತುದಿಗೆ, ಜೊತೆಗೆ ಪಟ್ಟಿ ಪ್ರತಿ ಹಲಗೆಯನ್ನು ದಾಟುವಲ್ಲಿ ಒಂದೊಂದು. ಸ್ಕ್ರೂಗೆ ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಹಲಗೆ ಅಂಚು ಸೀಳುತ್ತದೆ. ಹಲಸಿನ ಪುಡಿ ಅರಿಶಿನದ ಹಾಗೆ ಹಳದಿ, ಚಾಪೆ ತುಂಬಾ ಉದುರಿತ್ತು.

ಎತ್ತಿ ನಿಲ್ಲಿಸಿ ಖಾಲಿ ರ್ಯಾಕನ್ನು ಭುಜದಿಂದ ತಳ್ಳಿದೆ. ಅಲುಗಲಿಲ್ಲ. ಕ್ಲ್ಯಾಂಪ್ ಇಲ್ಲ, ಗೋಡೆ ಇಲ್ಲ, ತಾನಾಗೇ ನಿಂತಿತ್ತು. ಆ ಖುಷಿಯನ್ನು ಹೇಗೆ ಹೇಳಲಿ!

ನಮ್ಮ ರೆಡ್ ಆಕ್ಸೈಡ್ ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ರಸಮಟ್ಟ ಇಟ್ಟು ನೋಡಿ, ಮುಂದಿನ ಕಾಲುಗಳ ಕೆಳಗೆ ಮರದ ಬೆಣೆ ಕೊಟ್ಟೆ. ಪಕ್ಕದಿಂದ ಪಕ್ಕಕ್ಕೆ ಸರಿಯಾಗಿ ಮಟ್ಟ, ಹಿಂದಕ್ಕೆ ಮಾತ್ರ ಒಂದೆರಡು ಕೂದಲೆಳೆಯಷ್ಟು ವಾಲಿಕೆ.

ಇನ್ನು ಗೋಡೆ. ಹಳೇ ತೂತಿಗೆ ಸಿಮೆಂಟ್ ತುಂಬಿ, ಅಲ್ಲಿಂದ ಒಂದು ಗೇಣು ದೂರದಲ್ಲಿ ಹೊಸ ಜಾಗ ನೋಡಿದೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಕೊರೆಯಲೇಬಾರದು, ಒಳಗೆ ವೈರ್ ಇರುತ್ತದೆ. ಜಂಬಿಟ್ಟಿಗೆಗೆ ಡ್ರಿಲ್ಲಿನ ಹ್ಯಾಮರ್, ಅಂದರೆ ತಿರುಗುತ್ತಲೇ ಕುಟ್ಟುವ ಸೆಟ್ಟಿಂಗ್ ಬೇಡ. ಹ್ಯಾಮರ್ ಹಾಕಿದರೆ ತೂತಿನ ಬಾಯಿ ಒಡೆದು ಅಗಲವಾಗುತ್ತದೆ. ಬರೀ ತಿರುಗಿಸಿ, ಮೊದಲು 6 ಎಂ.ಎಂ., ಆಮೇಲೆ 10 ಎಂ.ಎಂ. ಬಿಟ್ ಹಾಕಿ, ಮೂರೂವರೆ ಇಂಚು ಆಳಕ್ಕೆ ಹೋದೆ. ಒಳಗಿನ ಕೆಂಪು ಪುಡಿಯನ್ನು ಒಲೆ ಊದುವ ಕೊಳವೆಯಿಂದ ಊದಿ ತೆಗೆದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಪುಡಿ ಮುಖಕ್ಕೇ ಬರುತ್ತದೆ. ಆಮೇಲೆ ತೂತಿಗೆ ನೀರು ಚಿಮುಕಿಸಿ, ಸಿಮೆಂಟ್ ಕಲಸಿ ತುಂಬಿ, ಉದ್ದನೆಯ ಪ್ಲಗ್ ತೂರಿಸಿ ಒಂದು ವಾರ ಬಿಟ್ಟೆ. ನೀರು ಹಾಕದಿದ್ದರೆ ಒಣಕಲ್ಲು ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಸಿಮೆಂಟ್ ಹಿಡಿಯುವುದಿಲ್ಲ.

ಗೋಡೆಗೂ ರ್ಯಾಕಿಗೂ ನಡುವೆ ಒಂದು ಇಂಚು ಗಾಳಿ ಬಿಡಬೇಕಿತ್ತು. ಕ್ಲ್ಯಾಂಪ್ ಇರುವಲ್ಲಿ ಅಷ್ಟೇ ದಪ್ಪದ ಮರದ ತುಂಡು ಕೊಟ್ಟು ಬಿಗಿದೆ. ಪುಸ್ತಕ ಹಿಂದಕ್ಕೆ ಜಾರಿ ಬೀಳದಿರಲಿ ಅಂತ ಪ್ರತಿ ಹಲಗೆಗಿಂತ ಮೂರು ಇಂಚು ಮೇಲೆ, ಬೆನ್ನ ಕಡೆ, ಮರದ ಒಂದು ತೆಳು ರೀಪು. ನಿಘಂಟಿನ ಎಂಟು ದಪ್ಪ ಸಂಪುಟ, ಬೈಂಡ್ ಮಾಡಿಸಿದ ಹಳೇ ಮಾಸಪತ್ರಿಕೆ ಎಲ್ಲ ಕೆಳಗಿನ ಸಾಲಿಗೆ ಹೋದವು. ಹಗುರದ ಕವನ ಸಂಕಲನಗಳು ಮೇಲಕ್ಕೆ. ಮೊಮ್ಮಗಳ ಚಿತ್ರದ ಪುಸ್ತಕಗಳನ್ನು ಅವಳ ಕೈಗೆ ಸಿಗುವಲ್ಲೇ ಇಟ್ಟೆ, ಏರುವ ಕಾರಣವೇ ಬೇಡ ಅಂತ.

ಇದೆಲ್ಲ ಆಗಿ ಎರಡು ಮಳೆಗಾಲ ಕಳೆಯಿತು. ಪ್ರತಿ ಸಲ ಮಳೆ ನಿಂತ ಮೇಲೆ ಸ್ಕ್ರೂಗಳನ್ನು ಒಮ್ಮೆ ತಿರುಗಿಸಿ ನೋಡುತ್ತೇನೆ. ಮರ ಉಬ್ಬಿ ಕುಗ್ಗುವುದರಿಂದ ಪಟ್ಟಿಯ ಸ್ಕ್ರೂ ಒಂದೆರಡು ಸಡಿಲವಾಗಿರುತ್ತವೆ, ಅರ್ಧ ಸುತ್ತು ಸಾಕು. ಆಮೇಲೆ ಮೇಲಿನ ಸಾಲಿನ ಪುಸ್ತಕಗಳ ಮೇಲೆ ಬೆರಳು ಎಳೆದು ನೋಡುತ್ತೇನೆ. ಈ ಸಲವೂ ಬರೀ ಧೂಳು, ಕೆಂಪು ಪುಡಿ ಇರಲಿಲ್ಲ.