ಸಾಂಕ್ರಾಮಿಕದ ಹೊತ್ತಲ್ಲಿ ಪರದೇಶಕ್ಕೆ ಬಂದಿಳಿದವರಿಗೆ

ಹೊಸದಾಗಿ ಬಂದವರಿಗೆ ಸಾಂಕ್ರಾಮಿಕ ಕಾಲ ಒಂದು ಕೈ ಜಾಸ್ತಿಯೇ ಕಷ್ಟ. ಮೊದಲಿನಿಂದ ಇರುವವರಿಗೆ ಬಾಗಿಲು ಮುಚ್ಚಿದರೂ ಹತ್ತಿರದಲ್ಲಿ ನಾಲ್ಕು ಜನ ಪರಿಚಯದವರು ಇರುತ್ತಾರೆ. ನಿಮಗೆ ಯಾರ ಪರಿಚಯವೂ ಆಗುವ ಮುಂಚೆಯೇ ಎಲ್ಲ ಮುಚ್ಚಿಹೋಗಿರುತ್ತದೆ. ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ. 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಜನರಿಂದ ದೂರ ಇರಬೇಕಾಗಿ ಬಂದದ್ದು ಇದಕ್ಕೆ ದೊಡ್ಡ ಕಾರಣ ಅಂತಲೂ ಹೇಳಿತು. ಹಾಗಾಗಿ ಮನಸ್ಸು ಕುಗ್ಗಿದರೆ ನಾಚಿಕೊಳ್ಳಬೇಡಿ.

ನಾನು ಎಲ್ಲರಿಗೂ ಮೊದಲು ಹೇಳುವುದು ಇದು: ಊರಿನ ಫೋನ್ ಒಂದನ್ನೇ ನಂಬಿ ಕೂರಬೇಡಿ. ನೀವು ಎಚ್ಚರ ಇರುವಾಗ ಎಚ್ಚರ ಇರುವ, ಬೇಕಾದರೆ ಬಂದು ಬಾಗಿಲು ತಟ್ಟಬಲ್ಲ ಒಬ್ಬರಾದರೂ ಬೇಕು. ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು, ಯಾರಾದರೂ ಸರಿ. ಕನ್ನಡದವರೇ ಆಗಬೇಕಿಲ್ಲ. "ನಾನು ಒಬ್ಬನೇ ಇದೀನಿ, ಎರಡು ದಿನ ಫೋನ್ ಎತ್ತದಿದ್ದರೆ ಬಂದು ನೋಡ್ತೀರಾ?" ಅಂತ ನೇರವಾಗಿ ಕೇಳಿ. ಸಂಕೋಚ ಆಗುತ್ತದೆ, ನಿಜ. ಆದರೆ ಇಂಥ ಕಾಲದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಊರಿನ ಮಾತು ಎಂದರೆ ಹೇಗಿರುತ್ತದೆ ಗೊತ್ತಲ್ವಾ? ಅಮ್ಮ "ನಾವು ಆರಾಮ" ಅಂತಾರೆ, ನೀವೂ "ಆರಾಮ" ಅಂತೀರಿ. ಇಬ್ಬರೂ ಅರ್ಧ ವಿಷಯ ಮುಚ್ಚಿಟ್ಟಿರುತ್ತೀರಿ. ಫೋನ್ ಇಟ್ಟ ಮೇಲೆ ನಿದ್ದೆ ಬರುವುದಿಲ್ಲ. ಆಮೇಲೆ ಕುಟುಂಬದ ವಾಟ್ಸಾಪ್ ಗುಂಪು, ಅಲ್ಲಿನ ಸಾವಿನ ಲೆಕ್ಕ, ಇಲ್ಲಿನ ಸಾವಿನ ಲೆಕ್ಕ, ಯಾರೋ ಕಳಿಸಿದ ಮನೆಮದ್ದು. ಗುಂಪನ್ನು ಮ್ಯೂಟ್ ಮಾಡಿ. "ನಿಜವಾಗಿ ಏನಾದರೂ ಆದರೆ ಮುಚ್ಚಿಡದೆ ನನಗೇ ಫೋನ್ ಮಾಡು" ಅಂತ ಅಕ್ಕನಿಗೋ ತಮ್ಮನಿಗೋ ಹೇಳಿಡಿ. ಸುದ್ದಿ ನೋಡುವುದು ದಿನಕ್ಕೆ ಒಂದೆರಡು ಸಲ ಸಾಕು, ಮಲಗುವ ಮುಂಚೆ ಬೇಡವೇ ಬೇಡ.

ನಿದ್ದೆ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಎಷ್ಟೇ ಹೊತ್ತಿಗೆ ಮಲಗಿದ್ದರೂ ಏಳುವುದು ಒಂದೇ ಹೊತ್ತಿಗೆ ಇರಲಿ. ಎದ್ದ ಕೂಡಲೇ ಕಿಟಕಿ ಹತ್ತಿರ ಹೋಗಿ, ಸಾಧ್ಯವಾದರೆ ಹೊರಗೇ ಹೋಗಿ. ಬೆಳಗಿನ ಬೆಳಕಿನಿಂದಲೇ ಮೈಗೆ ಹಗಲು ರಾತ್ರಿಯ ಲೆಕ್ಕ ಸಿಗುವುದು. ಇರುವುದು ಒಂದೇ ಕೋಣೆ ಆದರೂ ಹಾಸಿಗೆ ಮೇಲೆ ಕೂತು ಆಫೀಸ್ ಕೆಲಸ ಮಾಡಬೇಡಿ. ಕುಡಿದರೆ ಬೇಗ ನಿದ್ದೆ ಹತ್ತಬಹುದು, ನಡುರಾತ್ರಿ ಎಚ್ಚರವಾಗುತ್ತದೆ.

ಊರಲ್ಲಿ ಹತ್ತಿರದವರು ತೀರಿಕೊಂಡು, ವಿಮಾನ ಇಲ್ಲದೆ ಹೋಗಲಾಗದ ದಿನ ಬರಬಹುದು. ಅವತ್ತು ವಿಡಿಯೋದಲ್ಲಿ ಎಲ್ಲ ನೋಡಿ ಮಾರನೇ ದಿನ ಸುಮ್ನೆ ಮೀಟಿಂಗ್‌ಗೆ ಕೂರಬೇಡಿ. ಬಾಸ್‌ಗೆ ಹೇಳಿ ರಜೆ ಹಾಕಿ. ವಿಡಿಯೋ ನೋಡುವಾಗ ಇಲ್ಲಿನ ಒಬ್ಬರು ಇನ್ನೊಂದು ಫೋನಲ್ಲಾದರೂ ಜೊತೆಗಿರಲಿ.

ಎದೆ ಡವಗುಟ್ಟಿ, ಉಸಿರು ಕಟ್ಟಿದಂತಾಗಿ, ಕೈ ಜುಮ್ಮೆನ್ನುವುದು ಗಾಬರಿಯಿಂದಲೂ ಆಗುತ್ತದೆ. ಗಾಬರಿಯಾದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆದರೆ ಎದೆನೋವಿದ್ದರೆ, ಉಸಿರಾಟ ತೀರಾ ಕಷ್ಟವಾದರೆ, ತುಟಿ ನೀಲಿಗಟ್ಟಿದರೆ ಕಾಯುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಎರಡು ವಾರ, ದಿನದ ಬಹುಪಾಲು ಮನಸ್ಸು ಭಾರವಾಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ನಮ್ಮವರು ಹೋಗುತ್ತಾರೆ, "ತಲೆನೋವು" ಅಂತ ಹೇಳಿ ಮಾತ್ರೆ ತಗೊಂಡು ಬರುತ್ತಾರೆ! "ನಿದ್ದೆ ಇಲ್ಲ, ಕಾರಣ ಇಲ್ಲದೆ ಅಳು ಬರುತ್ತೆ, ಕೆಲಸ ಮಾಡೋಕೆ ಆಗ್ತಿಲ್ಲ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಓದಿ. ಭಾಷೆ ತೊಡಕಾದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ದುಭಾಷಿ ಸಿಗುತ್ತಾರಾ ಕೇಳಿ. ಗಂಡನನ್ನೋ ಹೆಂಡತಿಯನ್ನೋ ದುಭಾಷಿ ಮಾಡಿಕೊಂಡರೆ ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ವೀಸಾಗೆ, ಕೆಲಸಕ್ಕೆ ತೊಂದರೆ ಆದೀತು ಅಂತ ಹೆದರಿಕೆ ಇದ್ದರೆ, ಹೇಳಿದ ಮಾತು ಯಾರ್ಯಾರಿಗೆ ಹೋಗುತ್ತದೆ ಅಂತ ಡಾಕ್ಟರನ್ನೇ ಮೊದಲು ಕೇಳಿ.

ಬದುಕುವುದೇ ಬೇಡ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ತುರ್ತು ನಂಬರ್‌ಗೋ ನೀವೀಗ ಇರುವ ದೇಶದ ಸಹಾಯವಾಣಿಗೋ ಫೋನ್ ಮಾಡಿ, ಯಾರನ್ನಾದರೂ ಪಕ್ಕಕ್ಕೆ ಕರೆಸಿಕೊಳ್ಳಿ. ಆ ಎರಡು ನಂಬರ್ ಇವತ್ತೇ ಫೋನಲ್ಲಿ ಹಾಕಿಟ್ಟುಕೊಳ್ಳಿ. ಬಾಗಿಲು ತಟ್ಟಲು ಒಪ್ಪಿದವರಿಗೂ ಕೊಟ್ಟಿರಿ.